ಗಿರಾಕಿಗಳ ಕುರ್ಚಿ

ನೀವು ನಂಬಲೇಬೇಕೆಂದು ನಾನು ಹೇಳುತ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಳತೆ ಕೊಡಲು ಯಾರೇ ಬಂದರೂ ನನ್ನ ನಾಯಿ ಮೈಮೇಲೆ ಎಗರುತ್ತಿತ್ತು. ಅಕ್ಕನ ಕೈಗೆ ಅದರ ಹಲ್ಲು ತಾಗಿದ ದಿನ ಅವಳು, "ಇನ್ಮೇಲೆ ಈ ಮನೇಲಿ ಅದಿರ್ಬೇಕು, ಇಲ್ಲ ನಾನು ಬರ್ಬೇಕು," ಎಂದಳು. ನಾಯಿ ಪಳಗಿಸುವವನನ್ನು ಕರೆಸಿದೆ. ಬೆಲ್ ಆದೊಡನೆ ಮೂಲೆಯ ಚಾಪೆಗೆ ಹೋಗಿ, ಬಂದವರು ಹೊರಡುವ ತನಕ ಕೂರುವುದನ್ನು ಅವನು ತಿಂಗಳೊಳಗೆ ಕಲಿಸಿದ.

ಒಂದು ಮಧ್ಯಾಹ್ನ ಬೆಲ್ ಆಗದಿದ್ದರೂ ನಾಯಿ ಎದ್ದು ಚಾಪೆಗೆ ಹೋಯಿತು. ಅದರ ಕಣ್ಣು ಬಾಗಿಲಿನಿಂದ ನಿಧಾನವಾಗಿ ಸರಿದು ಗಿರಾಕಿಗಳ ಕುರ್ಚಿಯ ಮೇಲೆ ನಿಂತಿತು. ನಾನು ಮುಟ್ಟಿ ನೋಡಿದೆ. ಕುರ್ಚಿ ಬೆಚ್ಚಗಿತ್ತು. ಸಂಜೆಯಾದರೂ ನಾಯಿ ಏಳಲಿಲ್ಲ, ತಟ್ಟೆಯನ್ನು ಮೂಸಲೂ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. "ಯಾರಾದ್ರೂ ಆಗಿರು, ಎದ್ದು ಆಚೆ ನಡಿ. ಇದು ನನ್ನ ಮನೆ," ಎಂದು ಆ ಕುರ್ಚಿಯನ್ನು ಒದ್ದೆ. ಪ್ಲಾಸ್ಟಿಕ್ ಕುರ್ಚಿ, ಒಂದಿಷ್ಟೂ ಅಲುಗಲಿಲ್ಲ. ನಾಯಿ ಚಾಪೆಯಿಂದ ಹಾರಿ, ಹಲ್ಲು ಕಿರಿದು, ನನ್ನನ್ನೇ ಬಾಗಿಲಾಚೆ ಅಟ್ಟಿತು.

ಅಂದಿನಿಂದ ನಾನು ಹೊರಗೆ ಹೋಗಿ ಬಂದರೆ ಸಾಕು, ಬೊಗಳುತ್ತದೆ. ಅನ್ನ ಹಾಕಿದ ಕೈಗೇ ಈ ಮರ್ಯಾದೆ. ಅಕ್ಕ ಬಂದರೆ ಮಾತ್ರ ಬಾಲ ಆಡಿಸುತ್ತದೆ. "ಎಷ್ಟು ಸಾಧು ಆಗಿದೆ ನೋಡೇ," ಎನ್ನುತ್ತಾಳೆ ಅವಳು.

ನಿನ್ನೆ ತರಕಾರಿ ಚೀಲ ಹಿಡಿದು ನನ್ನ ಮನೆಯ ಹೊಸ್ತಿಲಲ್ಲೇ ಕಳ್ಳಿಯ ಹಾಗೆ ನಿಂತಿದ್ದೆ. ಮನೆಯೊಳಗೆ ಯಾರೂ ಇರಲಿಲ್ಲ. ನಾಯಿ ಬೊಗಳುತ್ತಲೇ ಇತ್ತು. ಆಗ ಒಳಗಿನಿಂದ ಯಾರೋ ಒಮ್ಮೆ ಚಿಟಿಕೆ ಹೊಡೆದರು. ನಾಯಿ ತಕ್ಷಣ ಸುಮ್ಮನಾಗಿ, ನನಗೆ ದಾರಿ ಬಿಟ್ಟಿತು.