ಮೂರು ಗಿಳಿಗಳ ಯಾಳಿ

ದಾರಿಗಳಿಗೆ ಇನ್ನೂ ಹೆಸರು ಬೀಳದ ಕಾಲದಲ್ಲಿ ತಾಮ್ರಾವತಿ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ಪೇಟೆಬೀದಿಯಲ್ಲಿ ಒಬ್ಬ ಮಾಂತ್ರಿಕ ಕಂಚಿನ ಯಾಳಿಯೊಂದನ್ನು ತಂದು ನಿಲ್ಲಿಸಿದ. ಸಿಂಹದ ಮೈ, ಆನೆಯ ಸೊಂಡಿಲು, ಎದೆಯಲ್ಲಿ ಮೂರು ಚಕ್ರ. ಅದರ ಕಿವಿಯಲ್ಲಿ ನಿಮ್ಮದೊಂದು ನೆನಪು ಹೇಳಿ ಸೊಂಡಿಲು ಎಳೆಯಬೇಕು. ಮೂರು ಚಕ್ರದಲ್ಲೂ ಗಿಳಿ ನಿಂತರೆ ಬೇಡಿದ್ದು ಸಿಗುತ್ತದೆ. ಇಲ್ಲದಿದ್ದರೆ ಆ ನೆನಪು ಯಾಳಿಯ ಹೊಟ್ಟೆಗೆ. ನೆನಪೆಲ್ಲ ಮುಗಿದವರು ಕಂಚಾಗಿ, ಅದರ ಕಟ್ಟೆಗೆ ಮೆಟ್ಟಿಲಾಗುತ್ತಿದ್ದರು.

ಗಾಣದ ಕರಿಸಿದ್ದ ಅಕ್ಕನನ್ನು ಹುಡುಕಿಕೊಂಡು ಅಲ್ಲಿಗೆ ಬಂದ. ಉಪ್ಪು ತರಲು ಹೋದ ನೀಲವ್ವ ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಅವಳ ಕೂಸು ಹೊನ್ನಿ ಅತ್ತು ಅತ್ತು ಸೊರಗಿತ್ತು.

ಕಟ್ಟೆ ಹತ್ತುವಾಗ ಬರಿಗಾಲಿಗೆ ಮೆಟ್ಟಿಲು ಬೆಚ್ಚಗೆ ತಾಗಿತು. ಬಗ್ಗಿ ನೋಡಿದರೆ ಮೆಟ್ಟಿಲಿಗೆ ಮೂಗುಬೊಟ್ಟು ಇತ್ತು. ಅವನು ಕಾಲು ಕಿತ್ತು ಮೇಲೆ ಓಡಿದ, ಅಲ್ಲಿ ಸರದಿಯಲ್ಲಿ ನೀಲವ್ವ ನಿಂತಿದ್ದಳು.

"ಅಕ್ಕಾ, ನಡಿ ಮನೆಗೆ."

"ಯಾರಪ್ಪ ನೀನು? ಸರದಿಯಲ್ಲಿ ನಿಲ್ಲು."

"ನಿನ್ನ ತಮ್ಮ ಕಣೇ."

"ಇರಬಹುದು. ತಮ್ಮನನ್ನು ನಿನ್ನೆಯೇ ಹಾಕಿಬಿಟ್ಟೆ. ಸ್ವಲ್ಪದರಲ್ಲಿ ತಪ್ಪಿತು ನೋಡು. ಗಿಳಿ, ಗಿಳಿ, ಮೂರನೆಯದರಲ್ಲಿ ಕೊಕ್ಕು ಕಾಣಿಸಿತ್ತು."

"ಇನ್ನೇನು ಉಳಿದಿದೆ ನಿನ್ನ ಹತ್ತಿರ?"

"ಒಂದು ಕೂಸು. ಅದೊಂದು ಹಾಕಿ ಎಲ್ಲ ವಾಪಸ್ ಗೆದ್ದುಕೊಂಡು ಹೊರಡ್ತೀನಿ."

ಕರಿಸಿದ್ದ ಅವಳ ಕೈ ಹಿಡಿದು ಎಳೆದ. ಅವಳು ಕಚ್ಚಿದಳು.

ಆಮೇಲೆ ಅವನು ಯಾಳಿಯ ಹಿಂದೆ ಹೋಗಿ ಪರದೆ ಕಿತ್ತ. ಮಾಂತ್ರಿಕ ಎಲೆ ಮೆಲ್ಲುತ್ತ ಕೂತಿದ್ದ, ಹೆಬ್ಬೆರಳು ಮೂರನೆಯ ಚಕ್ರದ ಮೇಲೆ. ಕರಿಸಿದ್ದ ಜನರ ಕಡೆ ತಿರುಗಿದ. "ನೋಡಿ, ಗಿಳಿ ಬರುವಾಗ ಇವನು ಚಕ್ರ ಹಿಡಿದು ನಿಲ್ಲಿಸ್ತಾನೆ."

ಮುಂದೆ ನಿಂತಿದ್ದ ಮುದುಕ ಹೇಳಿದ, "ಗೊತ್ತಪ್ಪ. ಬಂದ ವಾರವೇ ಗೊತ್ತಾಯಿತು."

"ಗೊತ್ತಿದ್ದೂ ಆಡ್ತೀರಾ?"

"ಅವನಿಗೂ ಒಂದು ದಿನ ಹೆಬ್ಬೆರಳು ನೋಯಬೇಕಲ್ಲ."

ಸರದಿಯೆಲ್ಲ ನಕ್ಕಿತು. ಮಾಂತ್ರಿಕನೂ ನಕ್ಕ.

ಗೆದ್ದೇ ಅಕ್ಕನನ್ನು ಬಿಡಿಸುತ್ತೇನೆಂದು ಅವನೂ ಸೊಂಡಿಲು ಹಿಡಿದ. ತಾನು ಈಜು ಕಲಿತ ಹೊಳೆಯನ್ನು ಹೇಳಿ ಎಳೆದ. ಗಿಳಿ. ಗಿಳಿ. ಕೊಕ್ಕು. ಹೊಳೆ ಹೋಯಿತು, ಆದರೆ ದುಃಖವಾಗಲಿಲ್ಲ, ಎದೆ ಕುಣಿಯಿತು. ನೋಡಿದರೆ ಕೈ ಆಗಲೇ ಮತ್ತೆ ಸೊಂಡಿಲ ಮೇಲಿತ್ತು. ತನ್ನ ಕೈಯನ್ನು ಕಂಡು ತಾನೇ ಬೆಚ್ಚಿದ. ಇನ್ನೊಂದು ಕೈಯಿಂದ ಅದನ್ನು ಕಿತ್ತು ತೆಗೆಯಬೇಕಾಯಿತು.

'ನಮ್ಮ ಗಾಣದ ಎತ್ತು ಕಣ್ಣು ಕಟ್ಟಿದರೆ ಸುತ್ತುತ್ತದೆ. ಇವರು ಕಣ್ಣು ಬಿಟ್ಟರೆ ಸುತ್ತುತ್ತಾರೆ' ಅಂದುಕೊಂಡ.

ಅಷ್ಟರಲ್ಲಿ ನೀಲವ್ವ ಯಾಳಿಯ ಕಿವಿಗೆ ಕೂಸನ್ನು ಹೇಳಿಯಾಗಿತ್ತು. ಕರಿಸಿದ್ದ ರುಮಾಲು ಬಿಚ್ಚಿ ಹಿಂದಿನಿಂದ ಅವಳ ಕಣ್ಣಿಗೆ ಕಟ್ಟಿದ. ಅವಳು ಎಳೆದೇಬಿಟ್ಟಳು. ಚಕ್ರಗಳು ಗರಗರ ತಿರುಗಿ ನಿಂತವು. ಅವಳ ಕಾಲ್ಬೆರಳುಗಳು ಕಂಚಾಗತೊಡಗಿದವು.

"ಏನಾಯಿತು?" ಕಟ್ಟಿದ ಕಣ್ಣಲ್ಲೇ ನೀಲವ್ವ ಕೇಳಿದಳು.

"ಸೋತೆ."

"ಎಷ್ಟರಲ್ಲಿ?"

"ಸೋತೆ, ಅಷ್ಟೆ."

ಯಾಳಿ ಬಾಯಿಬಿಟ್ಟಿತು. "ಕಣ್ಣು ಬಿಚ್ಚು ತಾಯಿ. ಈ ಸಲ ಗಿಳಿಯ ರೆಕ್ಕೆಯೂ ಬಂದಿದೆ. ಒಂದೇ ಒಂದು ಸಲ ನೋಡು."

ನೀಲವ್ವ ನೋಡಲಿಲ್ಲ. ಅತ್ತಳು. ಆ ಕಟ್ಟೆಯ ಮೇಲೆ ಸೋತು ಅತ್ತವರು ಅದುವರೆಗೆ ಒಬ್ಬರೂ ಇರಲಿಲ್ಲ. 'ಸ್ವಲ್ಪದರಲ್ಲಿ ತಪ್ಪಿತು' ಅನ್ನುವ ನಿಟ್ಟುಸಿರು ನೆಂಚಿಕೊಂಡೇ ಯಾಳಿ ನೆನಪನ್ನು ನುಂಗುತ್ತಿತ್ತು. ನಿಟ್ಟುಸಿರು ಸಿಗದೆ ಕೂಸಿನ ನೆನಪು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಳಿ ಕೆಮ್ಮಿತು, ಮತ್ತೆ ಕೆಮ್ಮಿತು, ಮೂರನೆಯ ಸಲ ಕೆಮ್ಮುವಾಗ ಬಿರಿದು ಎರಡು ಹೋಳಾಯಿತು. ನೆನಪುಗಳು ಜೇನುಹುಳುಗಳಂತೆ ಎದ್ದು ತಮ್ಮ ತಮ್ಮ ತಲೆಗಳನ್ನು ಹುಡುಕಿಕೊಂಡು ಹೋದವು. ಮೆಟ್ಟಿಲುಗಳು ಮೈಮುರಿದು ಎದ್ದವು. ಮಾಂತ್ರಿಕ ಕುಗ್ಗಿ ಕುಗ್ಗಿ ಹೆಬ್ಬೆರಳಷ್ಟಾದ. ಕಾಗೆಯೊಂದು ಅವನನ್ನು ಎತ್ತಿಕೊಂಡು ಹೋಯಿತು.

ನೀಲವ್ವ ರುಮಾಲು ಬಿಚ್ಚಿದಳು. "ಸಿದ್ದಾ, ಹೊನ್ನಿಯನ್ನೂ ಹಾಕಿದೆನಾ ನಾನು?"

ಅವನು ಅವಳ ಕೈ ಹಿಡಿದು ಮನೆಯ ಕಡೆ ನಡೆದ. ದಾರಿಯುದ್ದಕ್ಕೂ ಅವಳು ಅದನ್ನೇ ಕೇಳಿದಳು. ಮನೆ ಬಾಗಿಲಲ್ಲಿ ಕೂಸು ಅಂಬೆಗಾಲಿಟ್ಟು ಬಂದು ಸೆರಗು ಜಗ್ಗಿದ ಮೇಲೆ ಕೇಳುವುದನ್ನು ಬಿಟ್ಟಳು. ತಾಮ್ರಾವತಿಯವರು ಅಲ್ಲಿ ಉಂಡುಟ್ಟು ಸುಖವಾಗಿದ್ದರು. ಇವರು ಇಲ್ಲಿ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತ, ಸುಖವಾಗಿದ್ದರು.