ಸಭೆಯಿಂದ ಎದ್ದುಹೋದವನು

"ನಮ್ಮೂರು ಸಾಯೋದಕ್ಕೆ ಎಷ್ಟು ಟೈಮ್ ಕೊಟ್ಟಿದ್ದೀರಿ?"

ಹಿಂದಿನ ಬೆಂಚಿನಿಂದ ಬಂದ ಆ ಪ್ರಶ್ನೆಗೆ ಇಡೀ ಸಭೆ ತಿರುಗಿ ನೋಡಿತು. ಇಡೀ ಸಭೆ ಎಂದರೇನು... ಮುಚ್ಚಿಹೋದ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತಿದ್ದ ಹತ್ತು ಹನ್ನೆರಡು ಮುದುಕರು, ಅಷ್ಟೇ.

ಕೇಳಿದವಳು ನಿಯೆವೆಸ್. ತೆರುವೆಲ್ ಬೆಟ್ಟಗಳ ನಡುವಿನ ಸಬಿನಾರ್ ಊರಿನಲ್ಲಿ ಅಂಗಡಿಯೂ ಬಾರೂ ಆಗಿದ್ದ ಒಂದೇ ಒಂದು ಕಟ್ಟಡವನ್ನು ನಡೆಸುತ್ತಿದ್ದವಳು. ಚಳಿಗಾಲದಲ್ಲಿ ಆ ಊರಿನಲ್ಲಿ ದೀಪ ಉರಿಯುತ್ತಿದ್ದದ್ದು ಅವಳ ಕಿಟಕಿಯಲ್ಲಿ ಮಾತ್ರ ಎಂದರೂ ತಪ್ಪಿಲ್ಲ.

ಕಪ್ಪುಹಲಗೆಯ ಮುಂದೆ ನಿಂತಿದ್ದವನು ಗಾಬರಿಯಾಗಲಿಲ್ಲ. ನಲವತ್ತರ ಆಸುಪಾಸು. ತುಂಬ ದೂರ ಕಾರು ಓಡಿಸಿ ದಣಿದ ಕಣ್ಣು.

"ನಾನು ಹೇಳೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ. ಈ ಊರಿಗೆ ಏನು ಬೇಕು ಅಂತ ನೀವೇ ಹೇಳಬೇಕು. ಕೊಡೋದು ಬಿಡೋದು ತೀರ್ಮಾನ ಮಾಡೋದೂ ಕಣಿವೆಯ ಜನವೇ."

"ತೀರ್ಮಾನ ಮಾಡಿ ಮುಗಿಸಿದವರೆಲ್ಲ ಹೀಗೇ ಹೇಳೋದು."

ಮುಂದಿನ ಸಾಲಿನ ಕಸಿಲ್ದಾ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. "ಪಾಪ, ಹುಡುಗನ್ನ ಕೂರೋಕಾದ್ರೂ ಬಿಡೇ ಮಗಳೇ. ಆಮೇಲೆ ಕಚ್ಚುವೆಯಂತೆ."

ಅವನೂ ನಕ್ಕ. ನಿಯೆವೆಸ್ ಮಾತ್ರ ನಗಲಿಲ್ಲ. ಆದರೆ ಅವನ ಹೆಸರು ಬ್ಲಾಸ್ ಎಂಬುದು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತು... ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

ಬ್ಲಾಸ್ ಕಣಿವೆಯ ಸಹಭಾಗಿ ಸಂಘದ ಕೆಲಸಗಾರ. ಊರ ಮೇಯರ್‌ಗಳು, ಕುರಿಗಾರರ ಸಹಕಾರಿ, ಸಣ್ಣ ವ್ಯಾಪಾರಿಗಳು, ಮಹಿಳಾ ಮಂಡಳಿಗಳು ಒಂದೇ ಮೇಜಿನ ಸುತ್ತ ಕೂತು, ಯುರೋಪಿನಿಂದ ಬರುವ ಅನುದಾನ ಯಾವ ಊರಿನ ಯಾವ ಕೆಲಸಕ್ಕೆ ಹೋಗಬೇಕೆಂದು ತಾವೇ ಆರಿಸುವ ಸಂಘ ಅದು. ಊರೂರು ಸುತ್ತಿ ಜನರ ಆಸೆಗಳನ್ನು ಆ ಮೇಜಿನವರೆಗೆ ತಲುಪಿಸುವುದು ಅವನ ಕೆಲಸ.

ನಿಯೆವೆಸ್‌ಗೂ ಒಂದು ಆಸೆಯಿತ್ತು.

ಇಗರ್ಜಿಯ ಪಕ್ಕ ಊರೊಟ್ಟಿನ ಹಳೆಯ ಬ್ರೆಡ್ ಒಲೆಯೊಂದು ಸೂರು ಕುಸಿದು ಬಿದ್ದಿತ್ತು. ಅದನ್ನು ಎಬ್ಬಿಸಿದರೆ ಸುತ್ತಲಿನ ನಾಲ್ಕೂರಿಗೆ ತಾನೇ ಬ್ರೆಡ್ ಸುಟ್ಟು ಕೊಡಬಹುದು. ಬರೀ ಕಾಫಿ ಮಾರಿ ಬದುಕುವ ಹಾಗಿರಲಿಲ್ಲ. ಮದುವೆ ಮುರಿದು, ಸಮುದ್ರತೀರದ ಹೋಟೆಲಿನ ಅಡುಗೆಮನೆ ಬಿಟ್ಟು, ಹುಟ್ಟಿದೂರಿನಲ್ಲಿ ಉಸಿರಾಡಲು ಬಂದವಳು ಅವಳು. ಆ ಹೋಟೆಲಿನವರು ಇನ್ನೂ ಕರೆಯುತ್ತಲೇ ಇದ್ದರು. ಒಲೆ ಆಗದಿದ್ದರೆ ವಸಂತಕ್ಕೆ ಬಾಗಿಲು ಹಾಕಿ ಹೊರಡಲೇಬೇಕು.

ಹೊರಟರೆ ಈ ಮುದುಕರು ಎಲ್ಲಿ ಕೂರುತ್ತಾರೆ? ಈ ಯೋಚನೆ ಬಂದಾಗಲೆಲ್ಲ ಅವಳು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು.

ಒಲೆಯ ಅರ್ಜಿ ಬರೆಸಿಕೊಂಡು ಹೋದ ಮೇಲೆ ಗುರುವಾರಗಳಂದು ಬ್ಲಾಸ್ ಬರತೊಡಗಿದ. ಕೆಲಸವಿದ್ದರೂ ಬರುತ್ತಿದ್ದ, ಇಲ್ಲದಿದ್ದರೂ. ಬೆಳ್ಳುಳ್ಳಿ ಸೂಪು ಕುಡಿದು ಮುದುಕರ ಜೊತೆ ಗಿನ್ಯೋಟೆ ಆಡುತ್ತಿದ್ದ. ಆ ಇಸ್ಪೀಟಾಟಕ್ಕೆ ನಾಲ್ವರು ಬೇಕು, ಊರಲ್ಲಿ ಆಡುವವರು ಮೂವರೇ ಉಳಿದಿದ್ದರು.

"ಸರ್ಕಾರಿ ಮನುಷ್ಯನ ಹಾಗೆ ಆಡ್ತೀಯಲ್ಲೋ," ಎಂದು ಮುದುಕ ಎವಾರಿಸ್ತೊ ರೇಗಿಸುತ್ತಿದ್ದ. "ಎಲೆ ಹಾಕೋಕೂ ಮೂರು ತಿಂಗಳು ತಗೋತೀಯ."

ಒಂದು ಮಧ್ಯಾಹ್ನ ಇಬ್ಬರೇ ಒಲೆಯ ಮೇಲೆ ಬಿದ್ದ ಕಲ್ಲುಗಳನ್ನು ಎತ್ತಿಡುತ್ತಿದ್ದರು. ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಎಲ್ಲೂ ಒಂದು ನಾಯಿಯ ಸದ್ದೂ ಇಲ್ಲ.

"ಕತ್ತಲಾಗೋಕೆ ಮುಂಚೆ ಹೊರಡಿ, ರಸ್ತೇಲಿ ಮಂಜುಗಟ್ಟುತ್ತೆ," ಎಂದಳು ನಿಯೆವೆಸ್.

"ಹೋಗಿ ಏನು ಮಾಡ್ಲಿ? ಪೇಟೇಲಿ ನನ್ನ ರೂಮಿನಲ್ಲಿ ಸದ್ದು ಮಾಡೋದು ಫ್ರಿಜ್ ಒಂದೇ."

"ನಾನು ಕಾಫಿ ಮೆಷಿನ್ ಹತ್ತಿರ ಮಾತಾಡ್ತೀನಿ."

"ಅದು ಏನಾದ್ರೂ ಹೇಳುತ್ತಾ?"

"ಬುಸ್ ಅನ್ನುತ್ತೆ."

ಅವನು ನಕ್ಕ. ಎಷ್ಟೋ ಕಾಲದ ನಂತರ ಅವಳೂ ನಕ್ಕಳು. ನಗು ನಿಂತ ಮೇಲೆ ಇಬ್ಬರಿಗೂ ಏನು ಮಾಡುವುದೆಂದು ತಿಳಿಯದೆ ಒಂದೇ ಕಲ್ಲಿಗೆ ಕೈ ಹಾಕಿದರು. ಅವನ ಬೆರಳು ಅವಳ ಬೆರಳಿನ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು.

*ಬೇಡ ನಿಯೆವೆಸ್... ಒಮ್ಮೆ ಸುಟ್ಟುಕೊಂಡದ್ದು ಸಾಲದೇ?*

ಆದರೂ ಆ ರಾತ್ರಿ ಕಾಫಿ ಮೆಷಿನ್ ಜೊತೆ ಮಾತಾಡಬೇಕೆಂದು ಅವಳಿಗೆ ಅನಿಸಲಿಲ್ಲ.

ಫೆಬ್ರವರಿಯಲ್ಲಿ ಸಂಘದ ಸಭೆ ನಡೆಯಿತು. ಸುದ್ದಿ ತಂದವನು ಪೇಟೆಯಿಂದ ವ್ಯಾನಿನಲ್ಲಿ ಬ್ರೆಡ್ ತರುವ ಫೆರ್ಮಿನ್.

"ಪಕ್ಕದೂರು ಲಾ ಉಂಬ್ರಿಯಾದವರಿಗೆ ಚೀಸ್ ಮಾಡೋ ಕೊಠಡಿಗೆ ಅನುದಾನ ಸಿಕ್ತು. ನಿಮ್ಮ ಒಲೆಯ ಅರ್ಜಿ ಬಿದ್ದುಹೋಯ್ತಂತೆ."

ಅವಳ ಕೈಯಲ್ಲಿದ್ದ ಬ್ರೆಡ್ ಬುಟ್ಟಿ ಭಾರವಾಯಿತು. "ಬ್ಲಾಸ್ ಇರಲಿಲ್ವಾ?"

"ಇದ್ದ ಕಣಮ್ಮ, ಅದೇ ಮಜಾ. ಸಬಿನಾರ್ ಹೆಸರು ಕರೆದ ತಕ್ಷಣ ಎದ್ದು ಹೊರಗೆ ಹೋಗಿಬಿಟ್ಟನಂತೆ. ನಿಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ಉಳಿದವರಿಗೆ ಒಲೆ ಯಾವುದು, ಓಣಿ ಯಾವುದು ಅಂತ ಗೊತ್ತಾ?"

ಗುರುವಾರ ಬ್ಲಾಸ್ ಎಂದಿನಂತೆ ಬಂದ. ಮುದುಕರು ಎಲೆ ಹಂಚುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದರು.

"ಹೊರಗೆ ಹೋದದ್ದು ನಿಜವಾ?" ಎಂದಳು ನಿಯೆವೆಸ್.

"ನಿಜ."

"ಯಾಕೆ?"

ಅವನು ಅವಳನ್ನು ನೋಡಿದ. ಮೂವರು ಮುದುಕರನ್ನು ನೋಡಿದ. "ಈಗ ಹೇಳೋ ಹಾಗಿಲ್ಲ... ಹೇಳಿದ್ರೆ ಏನೋ ಕೇಳೋಕೆ ಬಂದ ಹಾಗಾಗುತ್ತೆ."

"ಸರಿ. ಇನ್ಮೇಲೆ ಕಾಫಿ ಪೇಟೇಲೇ ಕುಡೀರಿ."

ಅವನು ಕೋಟು ಹಾಕಿಕೊಂಡ. ಬಾಗಿಲ ಬಳಿ ತಿರುಗಿದ. ಅವಳು ಬೆನ್ನು ಹಾಕಿ ನಿಂತಿದ್ದಳು. ಕಾರಿನ ಸದ್ದು ತಿರುವಿನಲ್ಲಿ ಕರಗುವವರೆಗೂ ಹಾಗೆಯೇ ನಿಂತಿದ್ದಳು.

ಆಮೇಲಿನ ವಾರಗಳು ಹೇಗೆ ಕಳೆದವೋ. ಹಿಮ ಕರಗಿ ಬೀದಿಯೆಲ್ಲ ಕೆಸರಾಯಿತು. ಮೂವರು ಮುದುಕರು ಎಲೆಗಳನ್ನು ಕಲೆಸಿ, ಹಂಚದೆ, ಮತ್ತೆ ಕಟ್ಟಿಡುತ್ತಿದ್ದರು. ಕೆಲವು ದಿನ ಸಂಜೆಯವರೆಗೂ ಒಬ್ಬರೂ ಬಾಗಿಲು ತಳ್ಳುತ್ತಿರಲಿಲ್ಲ. ಆಗ ಅವಳು ರೇಡಿಯೊ ಹಾಕುತ್ತಿದ್ದಳು. ಅದರ ದನಿ ಖಾಲಿ ಮೇಜುಗಳ ಮೇಲೆ ಬಿದ್ದು ಬಾರು ಇನ್ನಷ್ಟು ಖಾಲಿಯಾಗಿ ಕಾಣುತ್ತಿತ್ತು.

*ಯಾರೂ ಇಲ್ಲದಾಗ ಇಷ್ಟು ಒಂಟಿ ಅನಿಸುತ್ತಿರಲಿಲ್ಲ. ಒಬ್ಬ ಬಂದು ಹೋದ ಮೇಲೆ ಹೀಗಾಯಿತಲ್ಲ...*

ಒಂದು ದಿನ ಹೋಟೆಲಿಗೆ ಫೋನ್ ಮಾಡಿ, ಈಸ್ಟರ್ ಹೊತ್ತಿಗೆ ಬರುತ್ತೇನೆ ಎಂದುಬಿಟ್ಟಳು.

ಮಾರ್ಚ್ ಕೊನೆಯ ಒಂದು ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಜೀಪು ನಿಂತಿತು. ಇಳಿದವಳು ಯುಲಾಲಿಯಾ, ಲಾ ಉಂಬ್ರಿಯಾದ ಕುರಿಗಾರರ ಸಹಕಾರಿಯ ಅಧ್ಯಕ್ಷೆ. ಗಂಡಸರ ಬೂಟು, ದೊಡ್ಡ ಗಂಟಲು. ನಿಯೆವೆಸ್ ಮುಖ ಗಂಟಿಕ್ಕಿಕೊಂಡೇ ಕಾಫಿ ಇಟ್ಟಳು. ತನ್ನ ಒಲೆಯನ್ನು ನುಂಗಿದ ಚೀಸ್ ಇವಳದೇ ಅಲ್ಲವೇ?

"ಹಾಗೆ ನೋಡಬೇಡ ತಾಯಿ," ಎಂದಳು ಯುಲಾಲಿಯಾ. "ನಮ್ಮ ಚೀಸ್ ತಿನ್ನೋಕೂ ಬ್ರೆಡ್ ಬೇಕು. ಮುಂದಿನ ಸಲ ನಾಲ್ಕೂರಿನವರು ಸೇರಿ ನಿನ್ನ ಒಲೆ ಕೇಳೋಣ ಅಂತ ಮಾತಾಡಿದ್ದೀವಿ. ಒಂದೇ ಊರು ಕೇಳಿದ್ದಕ್ಕೇ ಹೋದ ಸಲ ಬಿದ್ದದ್ದು. ಅದರ ಮೇಲೆ ಬ್ಲಾಸ್ ಬೇರೆ ಹೊರಗಿದ್ದ."

"ಅವರು ಬೇಕಂತಲೇ ಹೊರಗೆ ಹೋದ್ರಲ್ಲ."

ಯುಲಾಲಿಯಾ ಕಪ್ಪು ಕೆಳಗಿಟ್ಟಳು. "ನಿನಗೆ ಯಾರೂ ಹೇಳಿಲ್ವಾ?"

"ಏನು?"

"ನಮ್ಮಲ್ಲಿ ನಿಯಮ ಇದೆ ಕಣೇ. ಯಾವ ಕೆಲಸದಲ್ಲಿ ತನ್ನೋರು ತನ್ನದು ಅನ್ನೋದು ಇರುತ್ತೋ, ಆ ಮಾತು ಬಂದಾಗ ಎದ್ದು ಹೊರಗೆ ಹೋಗಬೇಕು. ನಿನ್ನ ಸರದಿ ಬಂತು, ಅವನು ಎದ್ದ. ನಾನೇ ಕೇಳಿದೆ, ಏನಪ್ಪಾ, ಒಲೇಲಿ ನಿನಗೆ ಪಾಲಿದೆಯಾ ಅಂತ. ಇಲ್ಲ ಅಂದ. ಮತ್ತೆ ಆ ಹೆಂಗಸು ಏನಾಗಬೇಕು ನಿನಗೆ ಅಂದೆ."

ನಿಯೆವೆಸ್ ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟಳು.

"ಸಂಬಂಧ ಏನೂ ಇಲ್ಲ, ಆದರೆ ಅವರ ವಿಷಯ ಬಂದ್ರೆ ನಾನು ನ್ಯಾಯವಾಗಿ ಮಾತಾಡೋಕಾಗಲ್ಲ ಅಂದ. ಅಷ್ಟು ಜನರ ಮುಂದೆ, ಕಿವಿವರೆಗೆ ಕೆಂಪಾಗಿ. ಮೇಯರ್‌ಗಳೆಲ್ಲ ಬಾಯಿ ಬಿಟ್ಕೊಂಡು ಕೂತಿದ್ರು."

ಯುಲಾಲಿಯಾ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದಳು.

"ಈಗ ನೋಡು, ತಾನಿದ್ರೆ ನಿನ್ನ ಒಲೆಗೆ ಯಾವಾಗಲೂ ತೊಂದರೆ ಅಂತ ಬೇರೆ ಜಿಲ್ಲೆಗೆ ವರ್ಗ ಕೇಳಿಕೊಂಡಿದ್ದಾನೆ. ಇವತ್ತೇ ಹೊರಡೋದು."

ನಿಯೆವೆಸ್ ಏಪ್ರನ್ ಬಿಚ್ಚಿದಳು. "ಚಿಕ್ಕಮ್ಮ, ಸ್ವಲ್ಪ ಅಂಗಡಿ ನೋಡ್ಕೋ."

ಮೂಲೆಯಲ್ಲಿ ಏನೂ ಕೇಳಿಸದವಳಂತೆ ಹೆಣಿಗೆ ಹಾಕುತ್ತಿದ್ದ ಕಸಿಲ್ದಾ ಚಿಕ್ಕಮ್ಮ ತಲೆ ಎತ್ತದೆ, "ಹೋಗು ಹೋಗು. ಇವತ್ತು ಗಿರಾಕಿಗಳ ನೂಕುನುಗ್ಗಲು ನೋಡು, ನಾನು ಹೇಗೋ ತಡ್ಕೋತೀನಿ," ಎಂದಳು.

ಬೆಟ್ಟದ ದಾರಿಯುದ್ದಕ್ಕೂ ಮುಚ್ಚಿದ ಕಿಟಕಿಗಳ ಊರುಗಳು ಒಂದೊಂದಾಗಿ ಹಿಂದೆ ಸರಿದವು. ನಡುವೆ ಒಮ್ಮೆ ಕಾರು ನಿಲ್ಲಿಸಿ ಅವಳು ಒಂದು ಫೋನ್ ಮಾಡಿದಳು.

ಬ್ಲಾಸ್ ತನ್ನ ಬಾಡಿಗೆ ಕೋಣೆಯ ಮುಂದೆ ಕಾರಿಗೆ ಪೆಟ್ಟಿಗೆಗಳನ್ನು ಏರಿಸುತ್ತಿದ್ದ. ಒಬ್ಬಂಟಿ ಮನುಷ್ಯನ ಸಾಮಾನು, ಹಿಂದಿನ ಸೀಟೂ ತುಂಬಿರಲಿಲ್ಲ. ಅವಳನ್ನು ಕಂಡು ಕೈಯಲ್ಲಿದ್ದ ಪೆಟ್ಟಿಗೆಯನ್ನು ಇಡುವುದನ್ನೇ ಮರೆತ.

"ನಿಮ್ಮ ಸಂಘದ ನಿಯಮ ಕೇಳಿದೆ," ಎಂದಳು ನಿಯೆವೆಸ್. "ಕೋಣೆಯಿಂದ ಹೊರಗೆ ಹೋಗಬೇಕು ಅಂತ ತಾನೇ ಇರೋದು? ಕಣಿವೆ ಬಿಟ್ಟು ಹೋಗಬೇಕು ಅಂತ ಎಲ್ಲಿದೆ?"

"ನಾನಿದ್ರೆ ನಿಮ್ಮ ಒಲೆ..."

"ಒಲೆ ವಿಷಯ ಬಂದಾಗ ಹೊರಗೆ ಹೋಗಿ ನಿಂತ್ಕೊ. ನಾಲ್ಕೂರಿನವರು ಮಾತಾಡ್ತಾರೆ. ಆಮೇಲೆ ಮನೆಗೆ ಬಾ."

'ನೀವು' ಎಂಬುದು ಎಲ್ಲಿ 'ನೀನು' ಆಯಿತೆಂದು ಇಬ್ಬರಿಗೂ ತಿಳಿಯಿತು. ಬ್ಲಾಸ್ ನಿಧಾನವಾಗಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ.

"ಅವತ್ತೇ ಹೇಳಬೇಕಿತ್ತು. ಆದರೆ ನಿನ್ನ ಒಲೆ ಕೈಯಲ್ಲಿಟ್ಕೊಂಡು ನಿನ್ನ ಮನಸ್ಸು ಕೇಳೋದು... ನನ್ನ ಕೈಲಾಗಲಿಲ್ಲ."

"ಊರಿಗೆಲ್ಲ ಹೇಳಿದ್ದೀಯಲ್ಲ. ನನಗೊಬ್ಬಳಿಗೆ ಬಾಕಿ."

"ನಿನ್ನನ್ನ ತುಂಬ ಇಷ್ಟಪಡ್ತೀನಿ, ನಿಯೆವೆಸ್."

ಅವಳ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಹೋಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಅವನ ಕೋಟಿಗೆ ಹಣೆಯಾನಿಸಿ ನಿಂತಳು. ಅವನ ಕೈಗಳು ತಡವಾಗಿ, ನಂಬಲಾಗದವರ ಹಾಗೆ, ಅವಳ ಬೆನ್ನನ್ನು ಬಳಸಿದವು.

"ನೀನು ಸಮುದ್ರತೀರಕ್ಕೆ ಹೋಗ್ತೀಯ ಅಂತ ಕೇಳಿದ್ದೆ," ಎಂದ ಬ್ಲಾಸ್.

"ಬರಲ್ಲ ಅಂತ ದಾರೀಲಿ ಫೋನ್ ಮಾಡಿ ಹೇಳಿದೆ. ನೀನು ಹೊರಟುಹೋಗಿದ್ರೂ ನಾನು ಇಲ್ಲೇ ಇರ್ತಿದ್ದೆ. ಅದು ನಿನಗೆ ಗೊತ್ತಿರಲಿ."

"ಮುಂದಿನ ಸಲವೂ ಒಲೆ ಸಿಗದೇ ಹೋದ್ರೆ?"

"ಅದರ ಮುಂದಿನ ಸಲ ಕೇಳೋಣ."

"ಚಳಿಗಾಲದಲ್ಲಿ ಅಲ್ಲಿ ಯಾರೂ ಇರಲ್ಲ. ಭಯ ಆಗಲ್ವಾ ನಿನಗೆ?"

"ಆಗುತ್ತೆ. ನಿನಗೆ?"

"ನನಗೂ."

"ಸರಿ ಹಾಗಾದ್ರೆ," ಎಂದು ನಿಯೆವೆಸ್ ನೆಲದ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ತನ್ನ ಕಾರಿನಲ್ಲಿಟ್ಟಳು. "ಕಾರು ಹತ್ತು."