ಮಕರದ ಬಾಯಿಗೆ ಎಳೆದ ತಂತಿ

“ಮತ್ತೆ ಬಂದೆಯಾ? ಒಂದೆಳೆ ತಂತಿ ಎಳೆದು ಮುಗಿಸಲು ಬಿಡುವುದಿಲ್ಲವಲ್ಲ ನೀವು. ಬೆಳಗಿನಿಂದ ಮಗಳು ನಾಲ್ಕು ಸಲ, ನೀನು ಎರಡು ಸಲ. ಅದೇನು ಹೇಳಿ ತೊಲಗು,” ಎಂದಳು ಮೋನಮ್ಮ, ಬಾಗಿಲಲ್ಲಿ ನಿಂತ ರಾಜದೂತನಿಗೆ.

ಇದು ಕಲ್ಲಿಗೂ ಹಸಿವಾಗುತ್ತಿದ್ದ ಕಾಲದ ಮಾತು. ಆಗ ನಗೆಗಿರಿ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಬಾಗಿಲಿರಲಿಲ್ಲ, ಜೀವಂತ ಮಕರದ ಬಾಯಿಯಿತ್ತು. ಅದು ಆಕಳಿಸಿದಾಗ ಜನ ಒಳಗೆ ಹೊರಗೆ ಓಡಾಡುತ್ತಿದ್ದರು. ಅರಮನೆಯ ಊಟಕ್ಕೆ ತನ್ನನ್ನು ಕರೆಯಲಿಲ್ಲವೆಂದು ಸಿಟ್ಟಾದ ಮಾಂತ್ರಿಕ ವಕ್ರಾಕ್ಷ ಮಕರದ ಹಲ್ಲುಗಳನ್ನೆಲ್ಲ ಒಂದರ ಮೇಲೊಂದು ಹತ್ತಿಸಿಬಿಟ್ಟ. ಬಾಯಿ ಕಚ್ಚಿಕೊಂಡಿತು. ಮೂರನೆಯ ಹುಣ್ಣಿಮೆಯೊಳಗೆ ತೆರೆಯದಿದ್ದರೆ ಅದು ಎಂದೆಂದಿಗೂ ಬಂಡೆ.

ವೀಣೆಯ ತಂತಿ ಮಾರಲು ಹೋಗಿದ್ದ ಮೋನಮ್ಮನ ಗಂಡ ವೀರಾಚಾರಿ ಹೊರಗೇ ಉಳಿದಿದ್ದ.

ಅದಕ್ಕೇ, ಮಕರದ ಹಲ್ಲು ಬಿಡಿಸಲು ಬಾ ಎಂದು ದೂತ ಕರೆದಾಗ ಅವಳು ಬೈಯುತ್ತಲೇ ಹೊರಟಳು. ಪ್ರತಿ ಹಲ್ಲಿಗೂ ಬೆಳ್ಳಿಯ ಕೊಂಡಿ ಅಂಟಿಸಿ, ಕೊಂಡಿಗಳ ತೋಡಿನೊಳಗೆ ಒಂದೇ ತಂತಿ ಹಾಯಿಸಿದಳು. ದಾರದ ಮೇಲೆ ಮಣಿ ಜರುಗುವಂತೆ ಹಲ್ಲು ತಂತಿಯ ಮೇಲೆ ಜರುಗಬೇಕು.

“ತಂತಿ ದಪ್ಪಗಿರಲಿ,” ಎಂದ ಮಂತ್ರಿ.

ದಪ್ಪ ತಂತಿ ಹಾಕಿ ಎರಡು ಆನೆಗಳಿಂದ ಹಲ್ಲನ್ನು ಎಳೆಸಿದರು. ಹಲ್ಲು ಕದಲಲಿಲ್ಲ. ಕೊಂಡಿಯ ಸಂದಿಯಿಂದ ಎಳ್ಳಿನಷ್ಟು ಜೀವಿಯೊಂದು ಇಣುಕಿ, ನೋಡನೋಡುತ್ತ ಮೇಕೆಯಷ್ಟಾಯಿತು.

“ನಾನು ತಿಕ್ಕಾಸುರ. ವಕ್ರಾಕ್ಷ ಇಲ್ಲಿ ಕೂರಿಸಿದ್ದಾನೆ. ತಂತಿಗೆ ಕೊಂಡಿ ಉಜ್ಜಿದಷ್ಟೂ ನನಗೆ ಊಟ,” ಎಂದಿತು.

“ಬಿಗಿಯಾಗಿ ಕಟ್ಟು,” ಎಂದ ಮಂತ್ರಿ.

ಎರಡನೆಯ ಸಲ ಕೊಂಡಿಗೆ ತಂತಿಯನ್ನು ಬಿಗಿದು ಕಟ್ಟಿ, ನಾಲ್ಕು ಆನೆ ಹೂಡಿದರು. ತಿಕ್ಕಾಸುರ ಕೋಣದಷ್ಟಾಗಿ ತೇಗಿದ. “ಪಾಯಸ ಇಲ್ಲವೇ?”

“ನಾಳೆ ಎಂಟು ಆನೆ,” ಎಂದ ಮಂತ್ರಿ. ನಾಳೆಯೇ ಆ ಹುಣ್ಣಿಮೆ.

ಬೆಳಿಗ್ಗೆ ಮೋನಮ್ಮ ಸಿಡುಕುತ್ತಲೇ ಮಗಳು ಕುಸುಮಿಯ ತಲೆ ಬಾಚುತ್ತಿದ್ದಳು. ಸಿಕ್ಕಿಗೆ ಸಿಕ್ಕ ಬಾಚಣಿಗೆಯನ್ನು ಜೋರಾಗಿ ಎಳೆದಳು.

“ಅಮ್ಮಾ, ನೀನು ಎಳೆದಷ್ಟೂ ಗಂಟು ಬಿಗಿಯುತ್ತೆ. ಅಪ್ಪ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸ್ತಾನೆ.”

ಮೋನಮ್ಮ ಬಾಚಣಿಗೆಯನ್ನು ಅಲ್ಲೇ ಬಿಟ್ಟು ಎದ್ದಳು. ಮೇಣ ಸವರದೆ, ಕೈ ಹಗುರ ಮಾಡದೆ ಅವಳು ಹುಟ್ಟಿದಂದಿನಿಂದ ಒಂದು ತಂತಿಯನ್ನಾದರೂ ಎಳೆದಿದ್ದಳೇ? ಆನೆ ಕಂಡು ತನ್ನ ಕಸುಬನ್ನೇ ಮರೆತಿದ್ದಳು.

“ಆನೆಗಳಿಗೆ ಕಬ್ಬು ಹಾಕಿ ಲಾಯಕ್ಕೆ ಅಟ್ಟಿ. ಮಂತ್ರಿಗಳಿಗೂ ಎರಡು ಜಲ್ಲೆ ಕೊಡಿ, ಬಾಯಿಗೆ ಕೆಲಸವಿರಲಿ,” ಎಂದಳು.

ಮೂರನೆಯ ಸಲ ತೆಳ್ಳನೆಯ ಉಕ್ಕಿನ ತಂತಿ ಎಳೆದು, ಕನ್ನಡಿಯಂತೆ ಉಜ್ಜಿ, ಮೇಣ ಸವರಿದಳು. ಕಟ್ಟುಗಳನ್ನೆಲ್ಲ ಸಡಿಲಿಸಿದಳು. ಸುರುಳಿ ಸುತ್ತಿದ ಸಣ್ಣ ತಂತಿಯೊಂದನ್ನು ಹಲ್ಲಿಗೆ ಸಿಕ್ಕಿಸಿ, ಎರಡೇ ಬೆರಳಲ್ಲಿ ಎಳೆದಳು.

ತಿಕ್ಕಾಸುರ ತಡಕಾಡಿದ. “ಊಟ ಎಲ್ಲಿ?”

“ಇವತ್ತು ಉಪವಾಸ ಕಣಪ್ಪ.”

ಕೋಣ ಮೇಕೆಯಾಯಿತು, ಮೇಕೆ ಎಳ್ಳಾಯಿತು. ಹಲ್ಲುಗಳು ಒಂದೊಂದಾಗಿ ಜಾರಿ ಸಾಲಿಗೆ ಬಂದು ನಿಂತವು. ಮೂರು ತಿಂಗಳ ಮೇಲೆ ಬಾಯಿಬಿಟ್ಟ ಮಕರ ಒಂದು ಸೀನು ಸೀನಿತು. ಹೊರಗಡೆ ಹಲ್ಲಿಗೆ ಕಿವಿಯೊತ್ತಿ ಆಲಿಸುತ್ತಿದ್ದ ವಕ್ರಾಕ್ಷ ಏಳು ಬೆಟ್ಟದಾಚೆ ಹೋಗಿ ಬಿದ್ದ. ಅವನ ಮಂತ್ರಗಳೆಲ್ಲ ದಾರಿಯಲ್ಲೇ ಉದುರಿಹೋದವು.

ವೀರಾಚಾರಿ ಗಂಟು ಹೊತ್ತು ಒಳಗೆ ಬಂದ.

“ಬಂದೆಯಾ? ನಾನೇನು ಕಾದಿರಲಿಲ್ಲ,” ಎನ್ನುತ್ತ ಮೋನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಿಕ್ಕಾಸುರನನ್ನು ಅವಳು ಓಡಿಸಲಿಲ್ಲ. ಸಾಲಿಗೆ ಬಂದ ಹಲ್ಲು ಮತ್ತೆ ಜಾರದಂತೆ ಹಿಡಿದುಕೊಂಡಿರಲು ಎಳ್ಳಿನಷ್ಟು ಅಸುರ ಬೇಕು.

ನಗೆಗಿರಿಯಲ್ಲಿ ಒಂಬತ್ತು ದಿನ ಹೋಳಿಗೆ ಬೆಂದಿತು. ಮಂತ್ರಿಗೂ ಬಡಿಸಿದರು. ಜನ ನಕ್ಕರು, ಮಕರ ಎಲ್ಲರಿಗಿಂತ ದೊಡ್ಡದಾಗಿ ನಕ್ಕಿತು.

ಹತ್ತನೆಯ ದಿನ ಬೆಳಿಗ್ಗೆ ಮೋನಮ್ಮ ಜಡೆ ಹೆಣೆದು, ಎಂದಿನಂತೆ ಮಗಳ ಹುಬ್ಬು ಮೇಲೇರುವಷ್ಟು ಬಿಗಿದಳು. ಕುಸುಮಿ ತಿರುಗಿ ಕೇಳಿದಳು.

“ಮಕರಕ್ಕೆ ಎಲ್ಲಾ ಸಡಿಲ ಮಾಡಿದೆಯಲ್ಲಮ್ಮ, ನನಗೆ ಯಾವಾಗ ಮಾಡ್ತೀಯ?”